ಅಬು ಸುಹೈಲರ ಕೋವಿಗೆ ತೋಟೆ ತುಂಬಿಸಿದ್ದು

ಶೂಟಿಂಗ್ ಕ್ಲಬ್ಬಿನ ವರ್ಕ್‌ಶಾಪಿಗೆ ಹೊಸದಾಗಿ ಸೇರುವ ಹುಡುಗರಿಗೆಲ್ಲ ಕೋವಿಯ ಮೇಲೆಯೇ ಕಣ್ಣು. ಸೇರಿದ ವಾರದೊಳಗೆ ಒಂದನ್ನು ಹೆಗಲಿಗೇರಿಸಿ ಫೋಟೊ ತೆಗೆಸಿಕೊಂಡು ಊರಿಗೆ ಕಳಿಸಬೇಕೆಂಬ ಆಸೆ. ಹಾಗೆ ಕಳಿಸಿದವರು ಫೋಟೊದ ಹಿಂದೆಯೇ ತಾವೂ ಊರಿಗೆ ಹೋದದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ನನ್ನ ಮೊದಲ ಬುದ್ಧಿಮಾತು: ಫೋನು ಲಾಕರಿನಲ್ಲಿರಲಿ. ಎರಡನೆಯದು, ನಮ್ಮ ಕೆಲಸ ಕೋವಿಯದ್ದಕ್ಕಿಂತ ಹೆಚ್ಚು ಹಿತ್ತಾಳೆಯದ್ದು. ಇದನ್ನು ಹೇಳಿದರೆ ಹುಡುಗರ ಮುಖ ಬಾಡುತ್ತದೆ. ಬಾಡಲಿ.

ತೋಟೆ ಎಂದರೆ ಬೆರಳುದ್ದದ ಹಿತ್ತಾಳೆ ಕೊಳವೆ. ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಸೀಸದ ಗುಂಡು. ಮದ್ದು ಹೊತ್ತಿಕೊಂಡ ಕ್ಷಣದಲ್ಲಿ ಹಿತ್ತಾಳೆ ಉಬ್ಬಿ ಕೋವಿಯ ಗೋಡೆಗೆ ಒತ್ತಿ ನಿಂತು, ಬೆಂಕಿ ಹೊಡೆಯುವವನ ಮುಖಕ್ಕೆ ಬಾರದಂತೆ ತಡೆಯುತ್ತದೆ. ಮರುಕ್ಷಣ ಕೂದಲೆಳೆಯಷ್ಟು ಕುಗ್ಗಿ, ಎಳೆದರೆ ಸುಮ್ಮನೆ ಹೊರಗೆ ಬರುತ್ತದೆ. ಗುಂಡು ಹೋಯಿತು, ಮದ್ದು ಹೊಗೆಯಾಯಿತು, ಹಿತ್ತಾಳೆ ಮಾತ್ರ ಉಳಿಯಿತು. ಅದನ್ನು ತೊಳೆದು, ತಿದ್ದಿ, ಮತ್ತೆ ತುಂಬಿಸಬಹುದು. ಇಷ್ಟು ವರ್ಷ ಇದನ್ನೇ ಮಾಡಿದರೂ ಒಂದು ಖಾಲಿ ತೋಟೆ ಕೈಗೆ ಬಂದಾಗ ನನಗೆ ಈಗಲೂ ಸೋಜಿಗವಾಗುತ್ತದೆ. ಇಷ್ಟು ಗಟ್ಟಿ, ಇಷ್ಟು ಮೆದು, ಎರಡೂ ಒಂದೇ ಲೋಹದಲ್ಲಿ ಸೃಷ್ಟಿಕರ್ತ ಹೇಗೆ ಇಟ್ಟನೋ.

ನಾನು ಹಮೀದ್, ಉಳ್ಳಾಲದ ಕಡೆಯವನು, ಬ್ಯಾರಿ. ಐಟಿಐಯಲ್ಲಿ ಟರ್ನರ್ ಕೆಲಸ ಕಲಿತು ದುಬೈಯ ಜೆಬೆಲ್ ಅಲಿಯ ಒಂದು ಮೆಷಿನ್ ಶಾಪಿಗೆ ಬಂದೆ. ಬೆಳಿಗ್ಗೆ ಕಂಪೆನಿ ಬಸ್ಸು, ಸಂಜೆ ಕಂಪೆನಿ ಬಸ್ಸು, ನಡುವೆ ಹಡಗಿನ ಪೈಪುಗಳ ಬಾಯಿ ಜೋಡಿಸುವ ಫ್ಲೇಂಜ್ ಕಡೆಯುವುದು. ಅಲ್ಲಿಂದ ಅಬುಧಾಬಿ ರಸ್ತೆಯ ಬದಿಯ ಕ್ಲಬ್ಬಿಗೆ ಟರ್ನರ್ ಬೇಕೆಂದಾಗ ಹೋದೆ. ಏನು ಕಡೆಯುವುದೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಉಮ್ಮನಿಗೆ ಆಟದ ಸಾಮಾನು ರಿಪೇರಿ ಮಾಡುವ ಕೆಲಸ ಎಂದು ಫೋನಿನಲ್ಲಿ ತಿಳಿಸಿದ್ದೆ. ಕೊನೆಯವರೆಗೂ ಅವರು ಅದನ್ನೇ ನಂಬಿದ್ದರು.

ನಮ್ಮ ಮೇಲಧಿಕಾರಿ ಸ್ಕಾಟ್ಲೆಂಡಿನ ನಿವೃತ್ತ ಸೈನಿಕ. ಬಿಳಿ ಮೀಸೆ, ಕೆಂಪು ಕುತ್ತಿಗೆ. ನಾನೂ ನನ್ನ ಜೊತೆಗಾರ ಕಾರ್ಕಳದ ಸದಾನಂದನೂ ಅವರ ಬೆನ್ನ ಹಿಂದೆ ಅವರನ್ನು ಅಜ್ಜ ಎನ್ನುತ್ತಿದ್ದೆವು. ನಾನು ಮೊದಲ ಸಲ ತೋಟೆ ತುಂಬಿಸಿ ತೋರಿಸಿದಾಗ ಅಜ್ಜ ಅದರ ಹೊಳಪು ನೋಡಲಿಲ್ಲ, ಅಳತೆಯನ್ನೂ ನೋಡಲಿಲ್ಲ. ಇದು ಸಿಡಿಯುವಾಗ ಹೊಡೆಯುವವನ ಕೆನ್ನೆ ಎಷ್ಟು ದೂರದಲ್ಲಿರುತ್ತದೆ ಎಂದು ಕೇಳಿದರು. ಬೆರಳಿನಿಂದ ಅಳೆದು ತೋರಿಸಿದೆ. ಹಾಗಾದರೆ ಮೊದಲ ಗುಂಡಿಗೆ ಆ ಕೆನ್ನೆ ನಿನ್ನದೇ ಆಗಿರಲಿ ಎಂದರು. ಅಂದಿನಿಂದ ಅದು ನಮ್ಮ ವರ್ಕ್‌ಶಾಪಿನ ಕಟ್ಟಳೆ: ತುಂಬಿಸಿದವನೇ ಮೊದಲು ಹೊಡೆಯಬೇಕು. ಮಾಡಿದ್ದುಣ್ಣೋ ಮಹರಾಯ.

ಆಗ ಮದ್ದನ್ನು ತೂಗುತ್ತಿದ್ದುದು ಅಕ್ಕಸಾಲಿಗರ ತಕ್ಕಡಿಯಂಥದ್ದರಲ್ಲಿ. ಏಸಿ ಗಾಳಿ ತಾಗದಂತೆ ಅದಕ್ಕೆ ರಟ್ಟಿನ ಗೋಡೆ ಕಟ್ಟಿ, ಉಸಿರು ಹಿಡಿದು ಕೂರುತ್ತಿದ್ದೆವು. ಈಗ ಯಂತ್ರವೇ ತೂಗಿ, ಯಂತ್ರವೇ ಸುರಿದು, ಹಸಿರು ದೀಪ ತೋರಿಸುತ್ತದೆ. ಒಳ್ಳೆಯದೇ. ಆದರೆ ಹಸಿರು ದೀಪಕ್ಕೆ ಕೆನ್ನೆಯಿಲ್ಲ. ತಟ್ಟೆಯನ್ನು ಬೆಳಕಿಗೆ ವಾಲಿಸಿ ಒಂದೊಂದು ತೋಟೆಯ ಬಾಯೊಳಗೂ ಕಣ್ಣು ಹಾಕಿ ನೋಡುವ ಅಭ್ಯಾಸವನ್ನು ಹುಡುಗರು ಬಿಡಬಾರದು.

ಇನ್ನು ಅಬು ಸುಹೈಲರ ವಿಷಯ. ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ನಡೆದದ್ದು.

ಒಂದು ಬೆಳಿಗ್ಗೆ ಎಂಬತ್ತರ ಆಚೆಯ ಒಬ್ಬ ಅರಬ್ಬಿ ಹಿರಿಯರು ಕೋಲೂರಿಕೊಂಡು ವರ್ಕ್‌ಶಾಪಿಗೆ ಬಂದರು. ಲಿವಾ ಕಡೆಯ ಮರಳುಗಾಡಿನವರು. ಎರಡೂ ಕಿವಿಗೆ ಯಂತ್ರ. ಹಿಂದೆ ಅವರ ಮಲಯಾಳಿ ಡ್ರೈವರ್ ಯೂಸುಫ್, ಅವನ ತೋಳಿನಲ್ಲಿ ಕಂಬಳಿ ಸುತ್ತಿದ ಒಂದು ಉದ್ದದ ವಸ್ತು. ಬಿಚ್ಚಿದರೆ ಅಮೆರಿಕದ ಹಳೆಯ ಲಿವರ್ ಕೋವಿ. ಟ್ರಿಗರಿನ ಕೆಳಗಿನ ಕಬ್ಬಿಣದ ಬಳೆಯನ್ನು ಕೆಳಕ್ಕೆಳೆದು ಮೇಲಕ್ಕೊತ್ತಿದರೆ ತೋಟೆ ಒಳಗೆ ಹೋಗುವಂಥದ್ದು. ಅವರ ತಂದೆಗೆ ಅದು ಮಸ್ಕತ್ತಿನಿಂದ ಬಂದದ್ದಂತೆ. ಮರ ಒಣಗಿ ಮೂಳೆಯಂತಾಗಿತ್ತು, ಅದಕ್ಕೆ ಬಿಗಿದ ಒಂಟೆ ಚರ್ಮ ಮಾತ್ರ ಇನ್ನೂ ಗಟ್ಟಿಯಾಗಿತ್ತು.

ಕುಳ್ಳಿರಿಸಿ ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟೆ. ಅವರು ಲೋಟವನ್ನು ಮುಂದೆ ಇಟ್ಟುಕೊಂಡು ಸುಮ್ಮನೆ ಕೂತರು. ಸಕ್ಕರೆ ಕಾಯಿಲೆ ಇರಬಹುದೆಂದು ಸಕ್ಕರೆಯಿಲ್ಲದ ಇನ್ನೊಂದು ತಂದೆ. ಅದನ್ನೂ ಮುಟ್ಟಲಿಲ್ಲ. ಹಾಲು ಬೇಕೇನೋ ಎಂದು ಕರಕ್ ತರಿಸಿದೆ. ಅದೂ ಸಾಲಿಗೆ ಸೇರಿತು. ಮನೆಗೆ ಬಂದವರು ಚಹಾ ಕುಡಿಯದೆ ಹೋದರೆ ನಮ್ಮ ಕರಾವಳಿಯವರಿಗೆ ಊಟ ಸೇರುವುದಿಲ್ಲ. ಕೊನೆಗೆ ಅಲ್ಲಿನ ಹಿರಿಯರಿಗೂ ಅರ್ಥವಾಗುವ ಅರೆಬರೆ ಹಿಂದಿಯಲ್ಲಿ, ಕುಡಿಯಿರಿ ಬಾಬಾ, ನಿಮಗೆ ಏನು ಬೇಕಿದ್ದರೂ ಮಾಡಿಕೊಡುತ್ತೇನೆ, ಮೊದಲು ಕುಡಿಯಿರಿ ಎಂದು ಒತ್ತಾಯ ಮಾಡಿದೆ. ಅವರು ನನ್ನ ಮುಖವನ್ನು ಚೆನ್ನಾಗಿ ನೋಡಿದರು. ಆಮೇಲೆ ತಣ್ಣಗಾಗಿದ್ದ ಮೊದಲ ಲೋಟವನ್ನು ಎತ್ತಿ ಒಂದೇ ಸಲಕ್ಕೆ ಕುಡಿದು ಮುಗಿಸಿದರು.

ಯೂಸುಫ್ ನನ್ನ ಪಕ್ಕಕ್ಕೆ ಬಂದ. ಅವನ ಮಲಯಾಳವೂ ನಮ್ಮ ಬ್ಯಾರಿ ಮಾತೂ ಅಕ್ಕಪಕ್ಕದ ಮನೆಯವಾದ್ದರಿಂದ ನಮಗೆ ತರ್ಜುಮೆ ಬೇಕಾಗಿರಲಿಲ್ಲ.

"ಇಕ್ಕಾ, ಏನು ಮಾಡಿದಿರಿ ಗೊತ್ತುಂಟಾ?" ಎಂದ. "ಇವರಲ್ಲಿ ದೊಡ್ಡ ಬೇಡಿಕೆ ಇಟ್ಟುಕೊಂಡು ಬಂದವರು ಲೋಟ ಮುಟ್ಟುವುದಿಲ್ಲ. ಕುಡಿಯಿರಿ, ಆಗುತ್ತದೆ ಎಂದು ಮನೆಯವನು ಹೇಳಿದ ಮೇಲೆಯೇ ಕುಡಿಯುವುದು. ಈಗ ನೀವು ಮಾತು ಕೊಟ್ಟಾಯಿತು."

ಬೇಡಿಕೆ ಏನೆಂದು ಆಮೇಲೆ ಗೊತ್ತಾಯಿತು. ಅಬು ಸುಹೈಲರ ಮಕ್ಕಳೆಲ್ಲ ಸೇರಿ ಕೋವಿಯನ್ನು ಮ್ಯೂಸಿಯಮ್ಮಿಗೆ ಕೊಡುವುದೆಂದು ತೀರ್ಮಾನಿಸಿದ್ದರು. ಅಲ್ಲಿಗೆ ಹೋಗುವ ಮೊದಲು ಕಾನೂನಿನ ಪ್ರಕಾರ ಅದರ ಕೇಪಿಗೆ ಬಡಿಯುವ ಸೂಜಿಯನ್ನು ಕತ್ತರಿಸಿ ನಳಿಗೆಗೆ ಉಕ್ಕು ತುಂಬಿ ಮುಚ್ಚುತ್ತಾರೆ. ಆ ಮೇಲೆ ಅದು ಎಂದೆಂದಿಗೂ ಮೂಕ. ಚಳಿಗಾಲ ಮುಗಿಯುವುದರೊಳಗೆ ಅದು ನಡೆಯಬೇಕಿತ್ತು. ಅದಕ್ಕೆ ಮುಂಚೆ ಒಂದು ಸಲ, ಒಂದೇ ಸಲ, ಕೋವಿ ಸದ್ದು ಮಾಡಬೇಕು. ಅದಕ್ಕೆ ಹೊಂದುವ ತೋಟೆಯನ್ನು ಈ ದೇಶದಲ್ಲಿ ಯಾರೂ ಮಾರುವುದಿಲ್ಲ. ಅವರು ಇಷ್ಟನ್ನು ಹೇಳಿದರು. ಏಕೆ ಎಂದು ಹೇಳಲಿಲ್ಲ.

ಅಜ್ಜನಿಗೆ ಹೇಳಿದಾಗ ಅವರ ಕುತ್ತಿಗೆ ಇನ್ನಷ್ಟು ಕೆಂಪಾಯಿತು. ಗೊತ್ತಿಲ್ಲದ ಕೋವಿ, ಗೊತ್ತಿಲ್ಲದ ಹಿತ್ತಾಳೆ, ಗೊತ್ತಿಲ್ಲದ ಮದ್ದು. ಈ ಮೂರರಲ್ಲಿ ಒಂದಿದ್ದರೂ ಬೇಡ ಎನ್ನುವವರು ಅವರು. ಚಹಾದ ಕಥೆಯನ್ನು ಪೂರ್ತಿ ಕೇಳಿಸಿಕೊಂಡು ಬಹಳ ಹೊತ್ತು ಮೀಸೆ ನೀವಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಸ್ಕಾಟ್ಲೆಂಡಿನಲ್ಲೂ ಇರಬೇಕು. ಪೊಲೀಸ್ ಇಲಾಖೆಯ ಅನುಮತಿ ನಾನು ತರುತ್ತೇನೆ, ಆದರೆ ಕೋವಿ ಗಟ್ಟಿಯಿದೆ ಎಂದು ನೀನು ತೋರಿಸಬೇಕು ಎಂದರು. ಜೆಬೆಲ್ ಅಲಿಯಲ್ಲಿ ಪೈಪುಗಳ ಬಿರುಕು ಹುಡುಕುವ ಕೆಲಸದ ಹಳೆಯ ಗೆಳೆಯನೊಬ್ಬನಿದ್ದ. ಅವನು ನಮ್ಮಲ್ಲಿಗೆ ಬಂದು ಕೆಂಪು ಬಣ್ಣ ಸವರಿ, ಒರೆಸಿ, ಬಿಳಿ ಪುಡಿ ಹಾಕಿ ನೋಡಿದ. ಬಿರುಕಿದ್ದರೆ ಕೆಂಪು ಗೆರೆ ಎದ್ದು ಕಾಣಬೇಕು. ಒಂದೂ ಏಳಲಿಲ್ಲ. ನೂರು ವರ್ಷದ ಉಪ್ಪುಗಾಳಿ, ಮರಳು, ಒಂಟೆಯ ಬೆವರು ತಿಂದ ಉಕ್ಕು ನಮ್ಮ ಕಣ್ಣೆದುರು ಶುಭ್ರವಾಗಿ ನಿಂತಿತ್ತು. ಅಜ್ಜ ಟೋಪಿ ತೆಗೆದರು.

ಉಳಿದದ್ದು ಹಿತ್ತಾಳೆ. ಆ ಕೋವಿಯ ತೋಟೆಗೆ ಮೂವತ್ತೆಂಟು-ಐವತ್ತೈದು ಎಂದು ಹೆಸರು. ಅಮೆರಿಕದಿಂದ ತರಿಸಿದರೆ ಕಾಗದಪತ್ರ ಮುಗಿಯುವ ಹೊತ್ತಿಗೆ ಚಳಿಗಾಲ ಮುಗಿದಿರುತ್ತದೆ. ಆದರೆ ಅದಕ್ಕೊಬ್ಬ ತಮ್ಮನಿದ್ದಾನೆ, ಮೂವತ್ತು-ಮೂವತ್ತು ಎಂಬ ತೋಟೆ. ತಳ ಒಂದೇ, ಕುತ್ತಿಗೆ ಮಾತ್ರ ಸಣ್ಣದು. ಆ ಕುತ್ತಿಗೆಯನ್ನು ಹಿಗ್ಗಿಸಿದರೆ, ಉದ್ದ ತುಸು ಕಡಿಮೆಯಾದರೂ, ಅಣ್ಣನ ಅಂಗಿ ತಮ್ಮನಿಗೆ ಆಗುತ್ತದೆ. ಅಂಥವು ನಮ್ಮ ಕ್ಲಬ್ಬಿನಲ್ಲೇ ಒಂದು ಕಾಲದಲ್ಲಿ ಬಕೆಟ್ ತುಂಬ ಬಿದ್ದಿದ್ದವು. ಖಾಲಿ ತೋಟೆಯನ್ನು ಜಜ್ಜಿಯೇ ಗುಜರಿಗೆ ಕೊಡಬೇಕೆಂಬುದು ನಿಯಮ. ನಾನೇ ನಿಂತು ಜಜ್ಜಿಸಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ.

ದುಬೈಯ ದೇರಾದಲ್ಲಿ ಭಟ್ಕಳದ ಸಯೀದ್ ಸಾಹೇಬರ ಅಂಗಡಿಯಿತ್ತು. ಹಳೇ ದೀಪ, ಹಡಗಿನ ಗಂಟೆ, ಅರಬ್ಬಿ ಕಾಫಿಯ ಹೂಜಿ ದಲ್ಲಾ, ಏನು ಕೇಳಿದರೂ ಮೂರನೆಯ ಕಪಾಟಿನಲ್ಲಿ ಉಂಟು ಎನ್ನುವವರು. ಅವರಲ್ಲಿ ಈ ತೋಟೆಯ ಕೀ ಚೈನುಗಳೇ ಇದ್ದವು. ಕುಣಿಯುವಷ್ಟು ಸಂತೋಷವಾಯಿತು. ಬೆಳಕಿಗೆ ಹಿಡಿದು ನೋಡಿದರೆ ಒಂದೊಂದಕ್ಕೂ ಉಂಗುರ ಪೋಣಿಸಲು ತೂತು ಕೊರೆದಿದ್ದರು. ನನ್ನ ಮುಖ ನೋಡಿ ಸಾಹೇಬರು ಸ್ವಲ್ಪ ಯೋಚಿಸಿದರು. ತಾವು ಹಿಂದೊಮ್ಮೆ ಒಂದು ಸ್ಟೇಕ್ ಹೋಟೆಲಿಗೆ ಕೌಬಾಯ್ ಅಲಂಕಾರದ ಸಾಮಾನು ಸರಬರಾಜು ಮಾಡಿದ್ದು ನೆನಪಾಯಿತು. ಅಲ್ಲಿ ಒಂದು ದೊಡ್ಡ ಕನ್ನಡಿಯ ಮರದ ಚೌಕಟ್ಟಿನ ಸುತ್ತ ಖಾಲಿ ತೋಟೆಗಳನ್ನು ಸಾಲಾಗಿ ಕೂರಿಸಿದ್ದರು, ತೂತಿಲ್ಲದೆ. ಇಬ್ಬರೂ ಹೋಗಿ ನೋಡಿದೆವು. ಊಟ ಮಾಡುವವರ ತಲೆಯ ಮೇಲೆ ನಾನು ಬಗ್ಗಿ ಒಂದೊಂದರ ತಳದ ಅಕ್ಷರ ಓದುತ್ತಿದ್ದರೆ ಜನ ತಟ್ಟೆ ಹಿಡಿದು ಸರಿದು ಕೂತರು. ಮೂವತ್ತು-ಮೂವತ್ತೇ. ಹೋಟೆಲಿನವರಿಗೆ ಬೇರೆ ಕನ್ನಡಿ ಕೊಡಿಸಿ, ಇಲಾಖೆಗೆ ತಿಳಿಸಿ, ಅದನ್ನು ಚೌಕಟ್ಟಿನೊಂದಿಗೇ ಕ್ಲಬ್ಬಿನ ವ್ಯಾನಿನಲ್ಲಿ ತಂದೆವು.

ಇಲ್ಲಿ ಸದಾನಂದನ ಪ್ರತಾಪ ಹೇಳಬೇಕು. ಹೋಟೆಲಿನ ಹೊಗೆಗೆ ತೋಟೆಗಳೆಲ್ಲ ಕಪ್ಪಾಗಿದ್ದವು. ನಮ್ಮಲ್ಲಿ ತೊಳೆಯುವ ಯಂತ್ರವಿದೆ, ಅದಕ್ಕೆ ಬೇಕಾದ ದ್ರಾವಣವಿದೆ. ಆದರೆ ಅವನ ತಾಯಿ ದೀಪಾವಳಿಗೆ ಹಿತ್ತಾಳೆ ದೀಪಗಳನ್ನು ಹುಣಸೆಹುಳಿಯಲ್ಲಿ ಬೆಳಗುತ್ತಿದ್ದುದು ಅವನಿಗೆ ನೆನಪಾಗಿಬಿಟ್ಟಿತು. ಮೀನು ಸಾರಿಗೆಂದು ತಂದಿದ್ದ ಹುಣಸೆಯನ್ನು ಕಿವುಚಿ, ಅರ್ಧ ತೋಟೆಗಳನ್ನು ಅದರಲ್ಲಿ ಮುಳುಗಿಸಿ, ರಜೆಯೆಂದು ರೂಮಿಗೆ ಹೋದ. ಬೆಳಗಿ ತಕ್ಷಣ ತೊಳೆದಿದ್ದರೆ ಏನೂ ಆಗುತ್ತಿರಲಿಲ್ಲ. ರಜೆ ಮುಗಿಸಿ ಬಂದು ತೆಗೆದರೆ ಹಿತ್ತಾಳೆ ಹೋಗಿ ತಾಮ್ರದ ಬಣ್ಣ. ಹುಳಿಯು ಲೋಹದೊಳಗಿನ ಸತುವನ್ನು ತಿಂದಿತ್ತು. ಅದು ಮೇಲ್ಮೈಯಷ್ಟೇ ತಿಂದಿದೆಯೋ ಒಳಗೂ ಹೋಗಿದೆಯೋ ಹೇಳುವವರಾರು? ಅಂಥದ್ದರ ಪಕ್ಕ ಕೆನ್ನೆ ಇಡಲಾಗದು.

"ಹಮೀದಾಕ, ನಮ್ಮ ಅಮ್ಮನ ದೀಪ ಹೀಗೆ ಆಗುತ್ತಿರಲಿಲ್ಲ ಮಾರಾಯ್ರೆ," ಎಂದ ಅವನು, ಅಳುವ ಮುಖ ಮಾಡಿಕೊಂಡು.

ನಿನ್ನ ಅಮ್ಮ ದೀಪಕ್ಕೆ ಮದ್ದು ತುಂಬಿಸಿ ಹೊಡೆಯುತ್ತಿರಲಿಲ್ಲವಲ್ಲ ಎಂದೆ. ಬೈಯುವ ಮನಸ್ಸಿತ್ತು, ನಗು ಬಂದುಬಿಟ್ಟಿತು. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳು ಸದಾನಂದನ ಪರ.

ಅದೇ ವಾರ ಅಬು ಸುಹೈಲರು ಕೆಲಸ ನೋಡಲು ಬಂದರು. ಕೆಂಪಾದ ತೋಟೆಗಳನ್ನು ಕೈಯಲ್ಲಿ ಹಿಡಿದು ಏನಾಯಿತೆಂದು ಕೇಳಿದರು. ಹೇಳಿದೆ. ಬೇಸರಪಡಲಿಲ್ಲ. ಉಳಿದವು ಸಾಕಾಗುತ್ತವೆಯೇ ಎಂದಷ್ಟೇ ವಿಚಾರಿಸಿದರು. ಆಗ ನನಗೆ ಕೇಳದಿರಲು ಆಗಲಿಲ್ಲ. ಬಾಬಾ, ಈ ಸದ್ದು ನಿಮಗೆ ಏಕೆ ಬೇಕು ಎಂದೆ. ಅವರು ಅರಬ್ಬಿಯಲ್ಲಿ ಹೇಳಿದರು, ಯೂಸುಫ್ ತಿಳಿಸುತ್ತ ಹೋದ.

ಅವರು ಆಡು ಕಾಯುವ ವಯಸ್ಸಿನ ಹುಡುಗನಾಗಿದ್ದಾಗ ತಂದೆ ಆಗಲೇ ತೀರಿಕೊಂಡಿದ್ದರು. ಒಂದು ದಿನ ಮರಳುಗಾಳಿ ಎದ್ದು ದಿಕ್ಕು ತಪ್ಪಿತು. ಗಾಳಿ ನಿಂತ ಮೇಲೆ ನೋಡಿದರೆ ಯಾವ ದಿಬ್ಬವೂ ಗುರುತಿನದಲ್ಲ. ನೀರು ಮುಗಿದಿತ್ತು. ಗುಡಾರದಲ್ಲಿ ತಾಯಿಯೊಬ್ಬಳೇ. ಅವಳ ಬಳಿ ಇದ್ದದ್ದು ಗಂಡನ ಕೋವಿ ಮತ್ತು ಅವನು ಬಿಟ್ಟುಹೋದ ಕೆಲವೇ ತೋಟೆಗಳು. ತೋಳ ಬಂದರೆ, ಕಳ್ಳರು ಬಂದರೆ ಎಂದು ಕಾಪಾಡಿಕೊಂಡದ್ದು. ಮಗನಿಗೆ ದಾರಿ ತೋರಿಸಲು ಅವಳು ಒಂದೊಂದಾಗಿ ಆಕಾಶಕ್ಕೆ ಹೊಡೆದಳು. ಹುಡುಗನಿಗೆ ಯಾವುದೂ ಕೇಳಿಸಲಿಲ್ಲ. ಕೊನೆಯದೊಂದು ಉಳಿದಾಗ ಅವಳು ಕಾದಳು. ಗಾಳಿ ಪೂರ್ತಿ ಅಡಗುವವರೆಗೆ ಕಾದು, ಅದನ್ನೂ ಹೊಡೆದಳು. ಅದು ಕೇಳಿಸಿತು. ಹುಡುಗ ಆ ಕಡೆಗೆ ನಡೆದ. ಆ ದಿನದಿಂದ ಕೋವಿಗೆ ತೋಟೆಯಿರಲಿಲ್ಲ.

ನಾನು ಮೇಜಿನ ಮೇಲಿದ್ದ ಕೋವಿಯನ್ನು ನೋಡಿದೆ. ಅಷ್ಟು ದಿನ ಅದರ ನಳಿಗೆಯ ಅಳತೆ, ಸೂಜಿಯ ಉದ್ದ, ಸ್ಕ್ರೂಗಳ ಎಳೆ ಎಲ್ಲ ನನಗೆ ಬಾಯಿಪಾಠವಾಗಿತ್ತು. ಅದು ಏನೆಂದು ಮಾತ್ರ ಗೊತ್ತಿರಲಿಲ್ಲ. ಅರಬ್ಬಿ ಅಷ್ಟಿಷ್ಟು ಬಲ್ಲ ಅಜ್ಜನೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಆ ಸದ್ದು ಹೇಗಿತ್ತೆಂದು ಕೇಳು ಎಂದು ನನಗೆ ಮೆಲ್ಲಗೆ ಹೇಳಿದರು.

ಚಟ್ ಎಂದಿತೇ, ಧಂ ಎಂದಿತೇ ಎಂದು ಕೇಳಿದೆ. ಅಬು ಸುಹೈಲರು ಕಣ್ಣು ಮುಚ್ಚಿದರು. ಕೋಟೆಯ ದೊಡ್ಡ ಬಾಗಿಲು ಮುಚ್ಚಿದ ಹಾಗೆ ಎಂದರು.

ಅಜ್ಜನೂ ನಾನೂ ಮುಖ ಮುಖ ನೋಡಿಕೊಂಡೆವು. ನಾವು ತುಂಬಿಸಬೇಕೆಂದಿದ್ದುದು ಈಗಿನ ಹೊಗೆಯಿಲ್ಲದ ಮದ್ದು. ಅದರ ಸದ್ದು ಚಾಟಿಯದು. ಅವರು ಹೇಳುತ್ತಿದ್ದುದು ಕರಿಮದ್ದಿನ ಸದ್ದು. ಅವರ ತಂದೆಯ ತೋಟೆಗಳು ಕೋವಿಯಷ್ಟೇ ಹಳೆಯವಿರಬೇಕು. ಕರಿಮದ್ದು ನಮ್ಮಲ್ಲಿತ್ತು, ಹಳೇ ಕಾಲದ ಕೋವಿಗಳ ಸ್ಪರ್ಧೆಗೆಂದು ತರಿಸಿದ್ದು. ಅದರ ಒತ್ತಡವೂ ಕಡಿಮೆ, ಮುದಿ ನಳಿಗೆಗೆ ಹಿತ. ಆ ಮುದುಕರ ಕಿವಿಯ ನೆನಪು ನಮ್ಮನ್ನು ಸರಿಯಾದ ಡಬ್ಬಿಯ ಬಳಿಗೆ ಕರೆದೊಯ್ದಿತು.

ಮಿಕ್ಕ ಕೆಲಸ ಕೈಗೆ ಬಿಟ್ಟದ್ದು. ತೋಟೆಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ, ತಳ ತಂಪಾಗಿರುವಂತೆ ಕುತ್ತಿಗೆಯನ್ನಷ್ಟೇ ಜ್ವಾಲೆಯಲ್ಲಿ ಕಾಯಿಸಿ ಮೆದುಗೊಳಿಸಿದೆ. ಅವಸರ ಮಾಡಿದರೆ ಹಿತ್ತಾಳೆ ಸೀಳುತ್ತದೆ. ಆದ್ದರಿಂದ ನಾನೇ ಕಡೆದ ಮೊನೆಗಳನ್ನು, ಒಂದಕ್ಕಿಂತ ಒಂದು ತುಸು ದಪ್ಪವಿರುವಂತೆ, ಸರದಿಯಲ್ಲಿ ಒಳಗೆ ತಳ್ಳಿ ಬಾಯಿ ಅಗಲ ಮಾಡಿದೆ. ಆದರೂ ಕೆಲವು ಸೀಳಿದವು, ಪ್ರತಿ ಸಲ ನನ್ನ ಎದೆಯಲ್ಲೇ ಸೀಳಿದಂತಾಯಿತು. ಕೊನೆಗೆ ಒಂದು ಹಿಡಿಯಷ್ಟು ಉಳಿದವು. ನಳಿಗೆಯೊಳಗೆ ಮೆದು ಸೀಸವನ್ನು ತೂರಿಸಿ ಅದರ ಅಳತೆ ತೆಗೆದು, ಅದಕ್ಕೆ ಸರಿಯಾಗಿ ಗುಂಡು ಎರಕ ಹೊಯ್ದವನು ಸದಾನಂದ. ಹುಣಸೆಯ ಪ್ರಾಯಶ್ಚಿತ್ತವೆಂದು ಅವನು ಒಂದನ್ನೂ ಕೆಡಿಸಲಿಲ್ಲ.

ಪರೀಕ್ಷೆಗೆಂದು ಮುಚ್ಚಿದ ಕೋಣೆಯಲ್ಲಿ ಕೋವಿಯನ್ನು ಮೇಜಿಗೆ ಬಿಗಿದು, ಗೋಡೆಯಾಚೆ ನಿಂತು ದಾರ ಎಳೆದೆವು. ಹೊಗೆ ಆರಿದ ಮೇಲೆ ಒಳಗೆ ಹೋಗಿ ಬಳೆಯನ್ನು ಕೆಳಕ್ಕೆಳೆದೆ. ಖಾಲಿ ತೋಟೆ ನನ್ನ ಅಂಗೈಗೆ ಬಿತ್ತು, ಬಿಸಿಬಿಸಿ. ಒಳಗೆ ಹೋದಾಗ ಅದರ ಮೈಮೇಲೆ ಹಳೆಯ ಸಣ್ಣ ಕುತ್ತಿಗೆ ಶುರುವಾಗುತ್ತಿದ್ದ ಕಡೆಯ ಗುರುತು ಇನ್ನೂ ಇತ್ತು. ಹೊರಬಂದದ್ದು ನೇರವಾದ, ಬುಡದಿಂದ ತುದಿಗೆ ಸಪೂರವಾಗುವ ಬೇರೆಯೇ ತೋಟೆ. ಹೋಟೆಲಿನ ಕನ್ನಡಿಯ ಅಲಂಕಾರವಾಗಿದ್ದ ಹಿತ್ತಾಳೆ ಒಂದೇ ಉಸಿರಿನಲ್ಲಿ ಆ ಕೋವಿಯ ಒಡಲಿನ ಆಕಾರವನ್ನು ತನ್ನ ಮೈಮೇಲೆ ತೆಗೆದುಕೊಂಡಿತ್ತು. ಆ ತಾಯಿ ಮರಳಿನಲ್ಲಿ ನಿಂತು ಹೊರಗೆಳೆದ ಖಾಲಿ ತೋಟೆಗಳಿಗೂ ಇದೇ ಆಕಾರ ಇದ್ದಿರಬೇಕು. ಈ ಕೆಲಸದಲ್ಲಿ ನಾನು ಕಂಡ ದೊಡ್ಡ ಸೋಜಿಗ ಯಾವುದೆಂದು ಕೇಳಿದರೆ ಇದನ್ನೇ ಹೇಳುತ್ತೇನೆ.

ಗೊತ್ತುಮಾಡಿದ ದಿನ ಬೆಳಿಗ್ಗೆ ಮಂಜು ಕವಿದಿತ್ತು, ಗಾಳಿ ಒಂದಿಷ್ಟೂ ಇರಲಿಲ್ಲ. ಕಟ್ಟಳೆಯಂತೆ ಮೊದಲ ಗುಂಡು ನಾನು ಹೊಡೆದು, ಆಮೇಲೆ ಕೋವಿಯನ್ನು ಅಬು ಸುಹೈಲರ ಕೈಗೆ ಕೊಡುವುದೆಂದು ಎಲ್ಲ ಸಿದ್ಧ ಮಾಡಿದ್ದೆವು. ಅವರಿಗೆಂದು ಕುರ್ಚಿ, ಕೋವಿ ಊರಲು ಮರಳಿನ ಚೀಲ, ಕಿವಿಗೆ ಮುಚ್ಚಳ. ಅವರು ಮುಚ್ಚಳವನ್ನು ನೋಡಿ ಬೇಡವೆಂದು ತಲೆಯಾಡಿಸಿದರು. ಮುಚ್ಚಳವಿಲ್ಲದೆ ಇಲ್ಲಿ ನಿಲ್ಲುವಂತಿಲ್ಲ ಎಂದು ಅಜ್ಜ ವಿನಯದಿಂದಲೇ ಹೇಳಿದರು.

"ಇಲ್ಲಿ ನಿಲ್ಲುವವನು ಯಾರು?" ಎಂದರು ಅಬು ಸುಹೈಲರು. "ನಾನು ಹೊಡೆಯಲು ಬಂದದ್ದಲ್ಲ ಹಮೀದ್. ನೀನು ಹೊಡಿ. ನಾನು ದೂರ ಹೋಗುತ್ತೇನೆ."

ಯೂಸುಫ್ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಗುಂಡು ಹೋಗುವ ದಿಕ್ಕಿಗೆ ತೀರಾ ವಿರುದ್ಧವಾಗಿ, ಕ್ಲಬ್ಬಿನ ಹಿಂದಿನ ಗೇಟಿನಾಚೆ ಬರಿಯ ಮರಳು ಶುರುವಾಗುತ್ತದೆ. ಆ ಮಂಜಿನಲ್ಲಿ ಕಾರು ಕಾಣಿಸದಾಯಿತು. ಬಹಳ ಹೊತ್ತಾದ ಮೇಲೆ ಕ್ಲಬ್ಬಿನ ಫೋನಿಗೆ ಅವನ ಕರೆ ಬಂತು. ಅವರು ಕಾರಿನಿಂದ ಇಳಿದು ನಿಂತಿದ್ದಾರೆ, ಕಿವಿಯ ಯಂತ್ರ ಸರಿಮಾಡಿಕೊಂಡಿದ್ದಾರೆ, ನಮ್ಮ ಕಡೆಗೆ ಬೆನ್ನು ಮಾಡಿದ್ದಾರೆ ಎಂದ.

ಒಂದು ತೋಟೆ ತುಂಬಿ ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟೆ. ನನ್ನ ಜೀವನದಲ್ಲಿ ಎಷ್ಟೋ ಗುಂಡು ಹೊಡೆದಿದ್ದೇನೆ, ಎಲ್ಲವೂ ಪರೀಕ್ಷೆಗೆ. ಒಬ್ಬರಿಗೆ ಕೇಳಿಸಲೆಂದು ಹೊಡೆದದ್ದು ಅದೊಂದೇ. ಆ ಮುದಿ ಕಿವಿಗಳಿಗೆ ಕೇಳಿಸದೆ ಹೋದರೆ? ಬಿಸ್ಮಿಲ್ಲಾ ಎಂದು ಟ್ರಿಗರ್ ಒತ್ತಿದೆ. ಕೋವಿ ಹೆಗಲನ್ನು ನಿಧಾನವಾಗಿ ದೂಡಿತು. ದೊಡ್ಡ ಬಾಗಿಲು ಮುಚ್ಚಿದ ಸದ್ದು ದಿಬ್ಬದ ಮೇಲಿಂದ ಹೊರಳಿ ಮರಳಿನ ಕಡೆಗೆ ಹೋಯಿತು. ಬಿಳಿ ಹೊಗೆ ಮಂಜಿನೊಳಗೆ ನಿಂತುಬಿಟ್ಟಿತು.

ಫೋನು ಬರಲಿಲ್ಲ. ಸದಾನಂದ ಗೇಟಿನ ಬಳಿ ಹೋಗಿ ನಿಂತ. ಅಜ್ಜನೂ ಹೋದರು, ಕೋವಿ ಹಿಡಿದುಕೊಂಡು ಅವರ ಹಿಂದೆ ನಾನೂ ಹೋದೆ. ಮಂಜಿನಲ್ಲಿ ಮೊದಲು ಬಿಳಿ ನಿಲುವಂಗಿ, ಕಂದೂರ, ಕಾಣಿಸಿತು. ಅಬು ಸುಹೈಲರು ನಡೆದು ಬರುತ್ತಿದ್ದರು. ಕಾರು ಅವರ ಹಿಂದೆ ಮೆಲ್ಲಗೆ ಉರುಳುತ್ತಿತ್ತು. ಯೂಸುಫ್ ಎಷ್ಟು ಕರೆದರೂ ಕಾರು ಹತ್ತಲಿಲ್ಲವಂತೆ. ಚಪ್ಪಲಿಯನ್ನು ಎಲ್ಲೋ ಬಿಟ್ಟಿದ್ದರು. ಕೋಲನ್ನು ಮರಳಿಗೆ ಊರುತ್ತ, ಎಡಕ್ಕಾಗಲಿ ಬಲಕ್ಕಾಗಲಿ ನೋಡದೆ, ಸದ್ದು ಬಂದ ಕಡೆಗೆ ನೇರ ಬರುತ್ತಿದ್ದರು. ನಾವು ಯಾರೂ ಎದುರು ಹೋಗಿ ಕೈ ಹಿಡಿಯಲಿಲ್ಲ. ಹಿಡಿಯಬಾರದು ಎಂದು ಮೂವರಿಗೂ ಗೊತ್ತಿತ್ತು.

ಹತ್ತಿರ ಬಂದು ಕೋವಿಯ ನಳಿಗೆಯ ಮೇಲೆ ಅಂಗೈ ಇಟ್ಟರು. ಅದು ಇನ್ನೂ ಬೆಚ್ಚಗಿತ್ತು. ಗಡ್ಡವೆಲ್ಲ ಒದ್ದೆಯಾಗಿತ್ತು. ನನ್ನ ಜೇಬಿನಲ್ಲಿ ಇನ್ನೂ ತೋಟೆಗಳಿದ್ದವು. ಅಷ್ಟು ಕಷ್ಟಪಟ್ಟು ಮಾಡಿದವು. ಬಾಬಾ, ಇನ್ನೊಂದು ಹೊಡೆಯಲೇ ಎಂದು ಕೇಳಿದೆ.

"ಬೇಡ, ಖಲಾಸ್," ಎಂದರು. "ಹುಡುಗ ಮನೆಗೆ ಬಂದ."